ವೈನಿನ ‘ಡ್ರೈ’ಗೆ ಕನ್ನಡದಲ್ಲಿ ಏನೆನ್ನುವುದು? (ಬೇಸಿಗೆಯ ವೈನ್ ಬರಹಕ್ಕೆ ಪದಗಳು ಬೇಕಾಗಿವೆ)

ಬಳಗಕ್ಕೆ ನಮಸ್ಕಾರ.

ಮಾಸಪತ್ರಿಕೆಯೊಂದರ ಬೇಸಿಗೆ ಸಂಚಿಕೆಗೆ, ಸಂಜೆ ಹೊತ್ತು ತಣ್ಣಗೆ ಕುಡಿಯುವ ಹಗುರ ವೈನ್‌ಗಳ ಬಗ್ಗೆ ಬರೆಯುತ್ತಿದ್ದೇನೆ. ಯಾವುದನ್ನು ಆರಿಸಬೇಕು ಎಂಬುದು ತಲೆಯಲ್ಲಿ ಸ್ಪಷ್ಟವಿದೆ, ಕನ್ನಡದಲ್ಲಿ ಹೇಳಹೊರಟರೆ ಲೇಖನಿ ನಿಲ್ಲುತ್ತದೆ. ವೈನ್ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ದ್ರಾಕ್ಷಾರಸ ಎಂದರೆ ಬೈಬಲ್ ಓದಿದವರಿಗೆ ವೈನ್, ಉಳಿದವರಿಗೆ ಜ್ಯೂಸ್. ದ್ರಾಕ್ಷಾಸವವಂತೂ ಆಯುರ್ವೇದದ ಔಷಧಿ. ವೈನ್ ವೈನಾಗಿಯೇ ಇರಲಿ. ತೊಡಕಿರುವುದು ಅದರ ಗುಣ ಹೇಳುವ ಪದಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ‘ಡ್ರೈ’ ಎಂಬ ಒಂದರಲ್ಲಿ.

ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿದ ಮೇಲೆ ಸಿಹಿ ಹೆಚ್ಚುಕಡಿಮೆ ಉಳಿಯದಿದ್ದರೆ ಅದು ಡ್ರೈ ವೈನ್. ಐರೋಪ್ಯ ಒಕ್ಕೂಟದ ನಿಯಮದಂತೆ ಲೀಟರಿಗೆ 4 ಗ್ರಾಂವರೆಗೆ ಸಕ್ಕರೆ ಇದ್ದರೆ ಹಾಗೆನ್ನಬಹುದು. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ರಿಯಾಯಿತಿ ಉಂಟು. ಫ್ರೆಂಚರು ಸೆಕ್, ಇಟಲಿಯವರು ಸೆಕ್ಕೊ, ಜರ್ಮನ್ನರು ಟ್ರೋಕನ್ ಎನ್ನುತ್ತಾರೆ, ಎಲ್ಲದಕ್ಕೂ ನೇರ ಅರ್ಥ ಒಣಗಿದ್ದು ಎಂದೇ. ನಾವೂ ‘ಒಣ ವೈನ್’ ಎಂದರೆ ಕನ್ನಡದ ಕಿವಿ ಒಪ್ಪುತ್ತದೆಯೇ? ಮೆಣಸಿನಕಾಯಿ, ಶುಂಠಿ, ಮೀನು ಒಣ ಆಗುತ್ತವೆ. ಜಂಬವೂ ವೇದಾಂತವೂ ಒಣ ಆಗುತ್ತವೆ. ಕುಡಿಯುವ ಪದಾರ್ಥಕ್ಕೆ ‘ಒಣ’ ಅಂಟಿದ್ದನ್ನು ನಾನು ಕೇಳಿಲ್ಲ. ಒಣದ್ರಾಕ್ಷಿಯಿಂದ ಮಾಡಿದ್ದು ಎಂದುಕೊಳ್ಳುವವರೂ ಇರುತ್ತಾರೆ. ಅಂಥದ್ದು ನಿಜವಾಗಿಯೂ ಇದೆ: ಇಟಲಿಯ ವೆರೋನಾ ಸುತ್ತಮುತ್ತ ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು ತೆಗೆಯುವ ರೆಚೊತೊ. ಅದು ಗಾಢ ಸಿಹಿ, ನಾನು ಹೇಳಬೇಕಾದ್ದಕ್ಕೆ ತದ್ವಿರುದ್ಧ. ‘ಡ್ರೈ’ ಎಂದೇ ಬಿಡೋಣವೆಂದರೆ, ನಮ್ಮ ಓದುಗರಿಗೆ ಆ ಪದದ ಪರಿಚಯವಾಗಿರುವುದು ಡ್ರೈ ಡೇ ಮೂಲಕ, ಗಾಂಧಿ ಜಯಂತಿಯಂದು ಬಾಗಿಲೆಳೆದ ಮದ್ಯದಂಗಡಿಯ ಮುಂದೆ.

ಇಲ್ಲಿ ಪದ ಎಡವಿದರೆ ಅಂಗಡಿಯಲ್ಲಿ ಕೈಯೂ ಎಡವುತ್ತದೆ. ಬೇಸಿಗೆಗೆಂದು ಬಹಳ ಜನ ಕೊಳ್ಳುವ ಇಟಲಿಯ ಪ್ರೊಸೆಕೊ ನೊರೆವೈನನ್ನೇ ನೋಡಿ. ಅದರ ಚೀಟಿಯ ಮೇಲೆ ‘ಬ್ರೂಟ್’ ಎಂದಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ 12ರಿಂದ 17, ಬರಿಯ ‘ಡ್ರೈ’ ಎಂದಿದ್ದರೆ 17ರಿಂದ 32. ಹೆಚ್ಚು ಒಣಗಿದ್ದು ಬೇಕೆಂದು ಎಕ್ಸ್‌ಟ್ರಾ ಡ್ರೈ ತಂದವರು ಬ್ರೂಟ್‌ಗಿಂತ ಸಿಹಿಯಾದದ್ದನ್ನು ಮನೆಗೆ ತಂದಿರುತ್ತಾರೆ. (ಈ ಲೆಕ್ಕ ಗೊತ್ತುಮಾಡಿದವರ ತಲೆಯ ಬಗ್ಗೆ ಬೇರೆಯೇ ಓಲೆ ಬರೆಯಬೇಕು.)

ಸದ್ಯಕ್ಕೆ ‘ಸಿಹಿಯಿಲ್ಲದ’ ಎಂದು ಬರೆದಿಟ್ಟುಕೊಂಡಿದ್ದೇನೆ. ಅರ್ಥಕ್ಕೆ ಕುಂದಿಲ್ಲ, ಆದರೆ ಏನೋ ಕೊರತೆಯಿದೆ ಎಂಬ ಧ್ವನಿ ಹೊರಡುತ್ತದೆ, ಓದಿದವರು ಸಪ್ಪೆ ಎಂದುಕೊಳ್ಳುತ್ತಾರೆ. ‘ಸಿಹಿ ಬತ್ತಿದ’ ಎಂದರೆ ಬರಗಾಲದ ಕೆರೆ ಕಣ್ಣೆದುರು ಬರುತ್ತದೆ. ‘ಸಿಹಿ ಇಂಗಿದ’ ಹೇಗೆ? ಇಂಗುವುದು ದ್ರವಕ್ಕೆ ಸಲ್ಲುವ ಕ್ರಿಯೆ, ಇದ್ದದ್ದು ಮೆಲ್ಲಗೆ ಇಲ್ಲವಾಯಿತು ಎಂಬ ಅರ್ಥವೂ ಅದರಲ್ಲಿದೆ, ಮೂಲದ ಒಣಗುವಿಕೆಗೂ ದೂರವಿಲ್ಲ. ನನ್ನ ಒಲವು ಇದರ ಕಡೆಗಿದೆ. ಆದರೆ ಒಬ್ಬನ ಒಲವಿನಿಂದ ಪದ ನಿಲ್ಲುವುದಿಲ್ಲವಲ್ಲ, ಅದಕ್ಕೇ ಈ ಓಲೆ.

ಇನ್ನೊಂದು ಗಂಟು ಇದಕ್ಕೇ ಹೆಣೆದುಕೊಂಡಿದೆ. ನನ್ನ ಬರಹದ ನಡುಮನೆಯಲ್ಲಿ ಕುಳಿತಿರುವುದು ಪೋರ್ಚುಗಲ್‌ನ ವಿನ್ಯೊ ವೆರ್ದೆ. ದೇಶದ ವಾಯವ್ಯ ಮೂಲೆಯ ಮಿನ್ಯೊ ಪ್ರದೇಶ, ಧಾರಾಳ ಮಳೆ, 1908ರಲ್ಲೇ ಎಲ್ಲೆ ಗುರುತಿಸಿದ ವೈನ್ ಸೀಮೆ. ಹಳೆಯ ಪದ್ಧತಿಯಲ್ಲಿ ಅಲ್ಲಿನವರು ದ್ರಾಕ್ಷಿಯನ್ನು ಮರಗಳಿಗೆ ಹಬ್ಬಿಸುತ್ತಿದ್ದರು, ನಾವು ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವಂತೆ. ಲೋರೈರು, ಅರಿಂತೊ, ತ್ರಜದೂರ ಮುಂತಾದ ತಳಿಗಳ ಬಿಳಿ ವೈನ್ ಇದು. ಆಲ್ಕೋಹಾಲ್ ಸಾಮಾನ್ಯವಾಗಿ ಶೇ 9ರಿಂದ 11ರ ಆಸುಪಾಸು, ಹುಳಿ ಮುಂದು, ಹಲವು ಬಾಟಲಿಗಳಲ್ಲಿ ಸಣ್ಣ ಗುಳ್ಳೆ. ಕೊಳ್ಳುವಾಗ ಚೀಟಿಯ ಮೇಲಿನ ವರ್ಷ ನೋಡಬೇಕು. ಹಿಂದಿನ ಸುಗ್ಗಿಯದಾದರೆ ಒಳ್ಳೆಯದು, ಇಟ್ಟು ಕಾಯುವ ಸರಕಲ್ಲ. (ಅದೇ ಸೀಮೆಯ ಮೊನ್ಸಾಂವ್ ಮತ್ತು ಮೆಲ್ಗಾಸು ಊರುಗಳ ಕಡೆಯ ಆಲ್ವರಿನ್ಯೊ ತಳಿಯ ವೈನ್ ಬೇರೆ, ಅದು ಕೆಲವು ವರ್ಷ ಇಟ್ಟರೂ ಬಾಳುತ್ತದೆ.) 7ರಿಂದ 10 ಡಿಗ್ರಿಗೆ ತಣಿಸಿ ಕೊಟ್ಟರೆ ಸಾಕು.

‘ವೆರ್ದೆ’ ಎಂದರೆ ಹಸಿರು. ಆದರೆ ಇಲ್ಲಿ ಅದು ಬಣ್ಣ ಹೇಳುವುದಿಲ್ಲ, ಎಳೆತನ ಹೇಳುತ್ತದೆ. ವಿನ್ಯಾಂವ್ ತಳಿಯ ಕೆಂಪು ವಿನ್ಯೊ ವೆರ್ದೆಯೂ ಇದೆ. ಊರಿನವರು ಅದನ್ನು ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಕುಡಿಯುತ್ತಾರೆ, ಬಟ್ಟಲಿನ ಒಳಮೈಗೆ ನೇರಳೆ ಬಣ್ಣ ಮೆತ್ತಿಕೊಳ್ಳುತ್ತದೆ. ‘ಹಸಿರು ವೈನ್’ ಎಂದು ಅನುವಾದಿಸಿದರೆ ಇದು ಕೆಂಪು ಹಸಿರು ವೈನ್ ಆಗುತ್ತದೆ. ‘ಹಸಿ ವೈನ್’ ಎನ್ನೋಣವೇ? ಹಸಿ, ಹಸಿರು, ಹಸುಳೆ ಮೂರೂ ಒಂದೇ ಬೇರಿನವು, ‘ವೆರ್ದೆ’ಯಲ್ಲಿರುವ ಬಣ್ಣವೂ ಎಳೆತನವೂ ಎರಡೂ ಅದರಲ್ಲಿವೆ. ಮನಸ್ಸಿಗೆ ಬಹಳ ಹಿಡಿಸಿತ್ತು. ಆದರೆ ಕನ್ನಡದಲ್ಲಿ ಹಸಿಗೆ ಎದುರುಪದ ಒಣ. ಹಸಿ ಶುಂಠಿ, ಒಣ ಶುಂಠಿ. ವಿನ್ಯೊ ವೆರ್ದೆಯಲ್ಲಿ ಬಹುಪಾಲು ಡ್ರೈ. ‘ಒಣ ಹಸಿ ವೈನ್’ ಎಂದು ಬರೆದು ಕಳುಹಿಸಿದರೆ ಸಂಪಾದಕರು ನನ್ನನ್ನೇ ಒಣಗಹಾಕುತ್ತಾರೆ. ಎಳನೀರು, ಎಳೆಬಿಸಿಲು ಇರುವಾಗ ‘ಎಳೆ ವೈನ್’ ಇರಬಾರದೇಕೆ? ಇದಕ್ಕೆ ಆಕ್ಷೇಪವಿದ್ದರೆ ತಿಳಿಸಿ.

ಅದರ ಸಣ್ಣ ಗುಳ್ಳೆಗಳು ನಾಲಗೆಗೆ ತಾಗುವುದನ್ನು ಪೋರ್ಚುಗೀಸರು ‘ಅಗುಲ್ಯ’, ಎಂದರೆ ಸೂಜಿ, ಎನ್ನುತ್ತಾರೆ. ಸೋಡಾದಷ್ಟು ಜೋರಿಲ್ಲ, ನಾಲಗೆಯ ತುದಿಯಲ್ಲಿ ಒಂದು ಕ್ಷಣ ಇದ್ದು ಹೋಗುತ್ತದೆ. ‘ಚುಳುಚುಳು’ ಎಂದು ಬರೆದಿದ್ದೇನೆ. ಇದಕ್ಕಿಂತ ನಯವಾದದ್ದು ನಿಮ್ಮ ಊರಿನ ಮಾತಿನಲ್ಲಿದೆಯೇ? ‘ಕ್ರಿಸ್ಪ್’ಗೆ ‘ಗರಿಗರಿ’ ಎಂದವರೊಬ್ಬರಿದ್ದಾರೆ, ದೋಸೆಯ ಪದವನ್ನು ದೋಸೆಗೇ ಬಿಡೋಣ. ‘ಚುರುಕು ಹುಳಿ’ ಸಾಕು ಎನಿಸುತ್ತದೆ.

ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ವೈನಿಗೆ ಇಳಿದು ಬಾಯಿ ಹಿಡಿಸುವ ಟ್ಯಾನಿನ್ ವಿಷಯದಲ್ಲಿ ಮಾತ್ರ ನಾನು ಶ್ರೀಮಂತ: ಒಗರು. ನೆಲ್ಲಿಕಾಯಿ, ಬಾಳೆಕಾಯಿ ಕಚ್ಚಿದ ಯಾರಿಗೂ ವಿವರಣೆ ಬೇಡ. ವೈನ್ ತಣಿದಷ್ಟೂ ಒಗರು ಎದ್ದು ಕಾಣುತ್ತದೆ. ಗಟ್ಟಿ ಕೆಂಪು ವೈನ್ ಫ್ರಿಜ್ಜಿನಿಂದ ತೆಗೆದು ಕುಡಿದರೆ ಬಾಯಿ ಹಿಡಿದುಕೊಳ್ಳುವುದು ಇದಕ್ಕೇ. ಬೇಸಿಗೆಗೆ ಕೆಂಪೇ ಬೇಕೆಂದರೆ ಒಗರು ಕಡಿಮೆಯಿರುವ ಗಾಮೆ ತಳಿಯದು, ಫ್ರಾನ್ಸಿನ ಬೋಜೊಲೆ ಸೀಮೆಯದು ಒಳ್ಳೆಯದು, 12ರಿಂದ 14 ಡಿಗ್ರಿಗೆ ತಣಿಸಿ. ಇಲ್ಲೊಂದು ಉಪಪ್ರಶ್ನೆ, ಮಲೆನಾಡಿನವರಿಗೆ: ಅಡಿಕೆ ಬೇಯಿಸಿದ ನೀರಿನಿಂದ ಸಿಗುವ ಚೊಗರನ್ನು ಬಲ್ಲೆ. ಆ ಪದವನ್ನು ರುಚಿಗೂ, ಒಗರಿಗಿಂತ ಒಂದು ಕೈ ಮೇಲು ಎಂಬ ಅರ್ಥದಲ್ಲಿ, ನೀವು ಬಳಸುತ್ತೀರಾ?

ಕೊನೆಯದಾಗಿ, ನಂದಿಬೆಟ್ಟ, ದೊಡ್ಡಬಳ್ಳಾಪುರದ ಕಡೆಯವರು ಬಳಗದಲ್ಲಿದ್ದರೆ ಅವರಿಂದ ಹೆಚ್ಚು ನಿರೀಕ್ಷಿಸುತ್ತೇನೆ. ಅಲ್ಲಿನ ತೋಟಗಳಲ್ಲಿ, ವೈನ್ ಘಟಕಗಳಲ್ಲಿ ದುಡಿಯುವ ಕನ್ನಡಿಗರು ತೊಟ್ಟಿಯಿಂದ ತೆಗೆದು ನಾಲಗೆಗೆ ಹಚ್ಚಿ ನೋಡಿ ಒಬ್ಬರಿಗೊಬ್ಬರು ಏನೆಂದುಕೊಳ್ಳುತ್ತಾರೆ? ಹುದುಗು ಮುಗಿದು ಸಿಹಿ ಹೋಗಿದೆ ಎಂಬುದಕ್ಕೆ ಅವರ ಬಾಯಲ್ಲಿ ಏನಿದೆ? ನಿಘಂಟು ತೆರೆದು ಸಂಸ್ಕೃತದ ಸಮಾಸ ಕಟ್ಟಿ ಕಳುಹಿಸುವುದು ಬೇಡ, ಕೇಳಿದ ಪದ, ಕೇಳಿದ ಊರು ಎರಡನ್ನೂ ಬರೆಯಿರಿ. ತಿಂಗಳ ಕೊನೆಗೆ ಬರಹ ಒಪ್ಪಿಸಬೇಕಾಗಿದೆ.