ಗಿಟಾರ್ ಕಲಿಯೋರ ಪ್ರಶ್ನೆ, ರಿಪೇರಿಯವರ ಉತ್ತರ

ಹಾವೇರಿಯಿಂದ: ನಮಸ್ಕಾರ ಸರ್. ಮಗಳಿಗೆ ಹುಬ್ಬಳ್ಳಿಯಿಂದ ಗಿಟಾರ್ ತಂದೆವು. ಅಂಗಡಿಯವರು ನಟ್, ಸ್ಯಾಡಲ್, ಆ್ಯಕ್ಷನ್ ಅಂತ ಏನೇನೋ ಹೇಳಿದರು, ನಾನು ಸುಮ್ನೆ ತಲೆಯಾಡಿಸಿ ಬಂದೆ. ಈಗ ಅವಳು ಬೆರಳು ನೋಯುತ್ತದೆ ಅಂತ ಮುಟ್ಟೋದೇ ಬಿಟ್ಟಿದ್ದಾಳೆ. ಯಾವುದಕ್ಕೆ ಏನಂತಾರೆ, ನೋವು ಎಲ್ಲರಿಗೂ ಹಿಂಗೇನಾ?

ಉತ್ತರ: ಶುರುವಿನಲ್ಲಿ ಸ್ವಲ್ಪ ನೋವು ಇದ್ದದ್ದೇ ಅಕ್ಕಾರ. ಆದರೆ ಕಲಿಯೋದನ್ನೇ ಬಿಡುವಷ್ಟು ನೋವು ಅಂದರೆ ನಾನು ಮೊದಲು ಬೆರಳು ನೋಡುವುದಿಲ್ಲ, ಗಿಟಾರ್ ನೋಡುತ್ತೇನೆ.

ಎರಡು ಬಿಳಿ ಪಟ್ಟಿ ಗುರುತು ಹಿಡಿಯಿರಿ, ಉಳಿದದ್ದು ತಾನಾಗಿ ತಿಳಿಯುತ್ತದೆ. ತಂತಿ ಬಿಗಿಮಾಡುವ ಕೀಲಿಗಳಿರುವ ಮೇಲಿನ ತುದಿ ಹೆಡ್‌ಸ್ಟಾಕ್. ಅದು ಮುಗಿದು ಉದ್ದನೆಯ ಕತ್ತು, ಅಂದರೆ ನೆಕ್, ಶುರುವಾಗುವ ಕಡೆ ಆರು ಗೀರು ಇರುವ ಸಣ್ಣ ಪಟ್ಟಿ ನಟ್. ಕೆಳಗೆ, ಬಾಡಿ ಮೇಲೆ ಅಂಟಿಸಿದ ಮರದ ತುಂಡು ಬ್ರಿಡ್ಜ್. ಅದರ ಸೀಳಿನಲ್ಲಿ ನಿಂತ ಪಟ್ಟಿ ಸ್ಯಾಡಲ್. ಬರೀ ತಂತಿ ಮೀಟಿದಾಗ ನುಡಿಯುವುದು ಈ ಎರಡು ಪಟ್ಟಿಗಳ ನಡುವಿನ ಭಾಗ. ದೊಡ್ಡವರ ಗಿಟಾರಿನಲ್ಲಿ ಅದು ಸುಮಾರು 65 ಸೆಂ.ಮೀ. ನೆಕ್ ಮೇಲೆ ಅಡ್ಡಡ್ಡ ಬಡಿದ ಲೋಹದ ಕಡ್ಡಿಗಳು ಫ್ರೆಟ್. 12ನೇ ಫ್ರೆಟ್ ಅರ್ಧಕ್ಕೆ ಬರುತ್ತದೆ. ಅಲ್ಲಿ ಒತ್ತಿದರೆ ಅದೇ ಸ್ವರ ಮೇಲಿನ ಸಪ್ತಕದಲ್ಲಿ ಕೇಳುತ್ತದೆ.

ಫ್ರೆಟ್ಟಿನ ನೆತ್ತಿಯಿಂದ ತಂತಿಗೆ ಇರುವ ಅಂತರವೇ ಆ್ಯಕ್ಷನ್. ನಿಮ್ಮ ಮನೆಯ ಜಗಳ ಇರುವುದು ಇಲ್ಲೇ ಅಂತ ನನ್ನ ಅನುಮಾನ. ಅಂಕಿ ಉಬ್ಬಿರದ ಮೂರು ಎಟಿಎಂ ಕಾರ್ಡ್ ಒಂದರ ಮೇಲೊಂದು ಇಡಿ. ಒಂದರ ದಪ್ಪ 0.76 ಮಿ.ಮೀ., ಮೂರಕ್ಕೆ 2.3 ಹತ್ತಿರ. 12ನೇ ಫ್ರೆಟ್ ಮೇಲೆ, ದಪ್ಪ ತಂತಿಯ ಅಡಿಗೆ ತೂರಿಸಿ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಮೂರು ಸರಿಸುಮಾರು ಮುಟ್ಟಿಕೊಂಡು ಕೂತರೆ ಒಳ್ಳೆಯದು. ಐದು ಕಾರ್ಡ್ ಆರಾಮಾಗಿ ಹೋದರೆ ಯಾವ ಮಗುವೂ ನುಡಿಸಲಾರದು.

ಹಾವೇರಿಯಿಂದ: ಐದೂ ಹೋದವು ಸರ್! ನಾವೇ ಸರಿ ಮಾಡಬಹುದಾ?

ಉತ್ತರ: ಬೇಡ. ಸ್ಯಾಡಲ್ ಹೊರತೆಗೆದು ಅದರ ಅಡಿಯನ್ನು ಉಜ್ಜಬೇಕು, ತಲೆಯನ್ನಲ್ಲ. 12ನೇ ಫ್ರೆಟ್‌ನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು. ಜಾಸ್ತಿ ಉಜ್ಜಿದರೆ ತಂತಿ ಫ್ರೆಟ್ಟಿಗೆ ತಾಗಿ ಗುಯ್ ಅನ್ನುತ್ತದೆ, ಹೊಸ ಸ್ಯಾಡಲ್ಲೇ ಗತಿ. ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳು ಇರುತ್ತದೆ. ಅದು ನೆಕ್ಕಿನ ಬಾಗು ತಿದ್ದುವುದಕ್ಕೆ, ತಂತಿ ಇಳಿಸುವುದಕ್ಕಲ್ಲ. ವಿಡಿಯೋ ನೋಡಿ ಅದನ್ನು ತಿರುಗಿಸಿಕೊಂಡು ನನ್ನ ಹತ್ತಿರ ಬರುವವರು ಬಹಳ. ಒಯ್ದು ರಿಪೇರಿಯವರ ಕೈಗೆ ಕೊಡಿ, ದೊಡ್ಡ ಖರ್ಚಿನ ಕೆಲಸ ಅಲ್ಲ.

ಅಲ್ಲೀತನಕ ಒಂದು ಕೆಲಸ ಮಾಡಿಸಿ. ಬೆರಳನ್ನು ಎರಡು ಫ್ರೆಟ್‌ಗಳ ನಟ್ಟನಡುವೆ ಇಡದೆ ಬಾಡಿ ಕಡೆಯ ಕಡ್ಡಿಗೆ ಅಂಟಿದಂತೆ, ಅದರ ಹಿಂದೆಯೇ ಇಡಲಿ. ಅರ್ಧ ಒತ್ತಡ ಸಾಕಾಗುತ್ತದೆ.

ಹುಬ್ಬಳ್ಳಿಯಿಂದ: ನೈಲಾನ್ ತಂತಿ ಮೆತ್ತಗೆ ಅಲ್ವಾ? ಸ್ಟೀಲ್ ಗಿಟಾರಿಗೆ ಅದನ್ನೇ ಹಾಕಿದರೆ? ನನ್ನ ನೈಲಾನ್ ಗಿಟಾರಿಗೆ ಸ್ಟೀಲ್ ಹಾಕಬಹುದಾ?

ಉತ್ತರ: ಎರಡನೆಯದು ಖಂಡಿತ ಬೇಡ. ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕೆ.ಜಿ. ಭಾರದಷ್ಟು ಎಳೆಯುತ್ತವೆ. ನೈಲಾನ್ ಎಳೆತ ಅದರ ಅರ್ಧದ ಆಸುಪಾಸು. ಬ್ರಿಡ್ಜ್ ಕಿತ್ತು ಬರುತ್ತದೆ. ಮೊದಲನೆಯದರಿಂದ ಗಿಟಾರ್ ಹಾಳಾಗುವುದಿಲ್ಲ, ಸದ್ದು ಸತ್ತುಹೋಗುತ್ತದೆ. ಸ್ಟೀಲ್‌ನಲ್ಲೇ ತೆಳು ಸೆಟ್ ಹಾಕಿ.

ಧಾರವಾಡದಿಂದ: ನಾನು ಸಿತಾರ್ ಕಲಿತವನು. ಗಿಟಾರ್ ಟ್ಯೂನ್ ಮಾಡಿದರೂ ಗಂಧಾರ ಯಾಕೋ ಕಿವಿಗೆ ಕೂರುವುದಿಲ್ಲ. ದೋಷ ಗಿಟಾರಿನದಾ, ನನ್ನದಾ?

ಉತ್ತರ: ಇಬ್ಬರದೂ ಅಲ್ಲ! ಸಿತಾರ್ ವಾದಕ ರಹಿಮತ್ ಖಾನರ ಊರಿನ ಕಿವಿ ನಿಮ್ಮದು, ಹಂಗೇ ಕೇಳಬೇಕು. ಸಿತಾರಿನ ಪರದೆಗಳನ್ನು, ಅಂದರೆ ಅದರ ಫ್ರೆಟ್ಟುಗಳನ್ನು, ದಾರದಿಂದ ಕಟ್ಟಿರುತ್ತಾರೆ, ರಾಗಕ್ಕೆ ತಕ್ಕಂತೆ ಸರಿಸಬಹುದು. ಗಿಟಾರಿನ ಫ್ರೆಟ್ ಮರಕ್ಕೆ ಬಡಿದದ್ದು. ಸಪ್ತಕವನ್ನು 12 ಸಮ ಪಾಲು ಮಾಡಿ ಕೂರಿಸಿದ್ದಾರೆ. ಹೀಗಾಗಿ ಅದರ ಶುದ್ಧ ಗಂಧಾರ ತಾನ್‌ಪುರದ ಗಂಧಾರಕ್ಕಿಂತ ಅರ್ಧ ಸ್ವರದ ಏಳನೇ ಒಂದು ಪಾಲಿನಷ್ಟು ಏರಿರುತ್ತದೆ. ಪೇಟಿಯದೂ (ಹಾರ್ಮೋನಿಯಂ) ಇದೇ ಕಥೆ. ಕೀಲಿ ತಿರುಗಿಸಿ ಗಂಧಾರ ಸರಿ ಮಾಡಲು ಹೋದರೆ ಬೇರೆ ಕಡೆ ಕೆಡುತ್ತದೆ.

ಇನ್ನು ತಂತಿಗಳ ಲೆಕ್ಕ. ನೆಲದ ಕಡೆಯ ತೆಳು ತಂತಿ 1, ನಿಮ್ಮ ಮುಖದ ಕಡೆಯ ದಪ್ಪ ತಂತಿ 6. ಆರನೆಯದು ಸಾ ಅಂದರೆ ಐದನೆಯದು ಅದರ ಮಧ್ಯಮ. ಹೀಗೆ ಪ್ರತಿ ತಂತಿಯೂ ಹಿಂದಿನದರ ಮಧ್ಯಮ, 3ರಿಂದ 2ಕ್ಕೆ ಹೋಗುವಾಗ ಮಾತ್ರ ಗಂಧಾರ. ಅದಕ್ಕೇ 5ನೇ ಫ್ರೆಟ್ ಒತ್ತಿ ಮುಂದಿನ ತಂತಿ ಕೂಡಿಸುತ್ತೇವೆ, 3ನೇ ತಂತಿಯಲ್ಲಿ ಮಾತ್ರ 4ನೇ ಫ್ರೆಟ್.

ಗದಗದಿಂದ: ನಮ್ಮ ಭಜನಿ ಮಂಡಳಿಯಲ್ಲಿ ಪೇಟಿ ಕಾಳಿ ಒಂದರಲ್ಲಿ (ಸಪ್ತಕದ ಮೊದಲ ಕಪ್ಪು ಮನೆಯೇ ಸಾ), ಹೆಣ್ಣುಮಕ್ಕಳು ಹಾಡಿದರೆ ಕಾಳಿ ಐದು. ನನಗೆ ಬರುವುದು ಸಿ, ಜಿ, ಎ, ಡಿ ಕಾರ್ಡ್ಸ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಅಷ್ಟೇ. ಹೆಂಗೆ ಕೂಡಿಸಲಿ?

ಉತ್ತರ: ಕ್ಯಾಪೋ ತಗೊಳ್ಳಿ ಅಣ್ಣಾರ. ಆರೂ ತಂತಿಯನ್ನು ಒಂದೇ ಕಡೆ ಒತ್ತಿ ಹಿಡಿಯುವ ಕ್ಲಿಪ್ ಅದು, ನಟ್ಟನ್ನು ಮುಂದೆ ಸರಿಸಿದ ಹಾಗೆ. ಕಾಳಿ ಒಂದಕ್ಕೆ ಮೊದಲ ಫ್ರೆಟ್‌ನಲ್ಲಿ ಹಾಕಿ, ಸಿ ಹಿಡಿಯುವ ಕೈ ಹಿಡಿಯಿರಿ. ಕಾಳಿ ಐದಕ್ಕೆ ಮೊದಲ ಫ್ರೆಟ್‌ನಲ್ಲೇ ಎ, ಇಲ್ಲಾ 3ನೇ ಫ್ರೆಟ್‌ನಲ್ಲಿ ಜಿ. ಭಜನಿಗೆ ನನಗೆ ಜಿ ತುಂಬಿದಂತೆ ಕೇಳುತ್ತದೆ.

ಗದಗದಿಂದ: ಹಾಕಿ ನೋಡಿದೆ. ಕೈ ಸರಿ ಇದೆ, ಆದರೂ ಪೇಟಿ ಜೊತೆ ಸ್ವಲ್ಪ ತಪ್ಪುತ್ತದೆ. ಟ್ಯೂನ್ ಮಾಡುವ ಆ್ಯಪ್ ಮಾತ್ರ ಸರಿ ಅನ್ನುತ್ತದೆ.

ಉತ್ತರ: ಹಳೇ ಪೇಟಿನಾ? ಎಷ್ಟೋ ಪೇಟಿಗಳ ಬಿಳಿ ಆರು (ಸಪ್ತಕದ ಆರನೇ ಬಿಳಿ ಮನೆ) ಇವತ್ತಿನ 440 ಹರ್ಟ್ಸ್‌ಗೆ ಕೂಡುವುದಿಲ್ಲ. ಕೂತಲ್ಲೇ ಪೇಟಿ ತಿದ್ದಲು ಆಗದು, ಗಿಟಾರೇ ಬಗ್ಗಬೇಕು. ಪೇಟಿ ಮಾಸ್ತರಿಗೆ ನಡು ಸಪ್ತಕದ ಬಿಳಿ ಆರು ಒತ್ತಿ ಹಿಡಿಯಲು ಹೇಳಿ, ಒಂದೇ ಸಾಲಿನ ಸ್ವರಪಟ್ಟಿ (ರೀಡ್) ನುಡಿಯಲಿ. ಆ್ಯಪ್ ಎಷ್ಟು ಹರ್ಟ್ಸ್ ತೋರಿಸುತ್ತದೋ ಅದನ್ನೇ ಸೆಟ್ಟಿಂಗ್‌ನಲ್ಲಿ 440ರ ಜಾಗಕ್ಕೆ ಹಾಕಿ, ಆರೂ ತಂತಿ ಕೂಡಿಸಿ. ಕ್ಯಾಪೋ ಹಾಕಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿ ಕ್ಲಿಪ್ ತಂತಿಯನ್ನು ಸ್ವಲ್ಪ ಏರಿಸುತ್ತದೆ.