ರಾತ್ರಿ ಪಾಳಿಯ ಮಾತ್ರೆ

ಹಾಸನದ ಮಹಾರಾಜ ಪಾರ್ಕಿನಲ್ಲಿ ನಾವು ಐದು ಜನ ದಿನಾ ಬೆಳಿಗ್ಗೆ ಮೂರು ಸುತ್ತು ಹಾಕುತ್ತೇವೆ. ನಾಲ್ಕನೇ ಸುತ್ತು ನೇರ ಹೋಟೆಲಿಗೆ. ಪಾರ್ಕಿನಲ್ಲಿ ಕರಗಿದ್ದೆಲ್ಲ ಅಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತದೆ.

ಮೊದಲೆಲ್ಲ ನಮ್ಮ ಮಾತು ಶುಂಠಿ ರೇಟು, ಆಲೂಗಡ್ಡೆ ಬೆಲೆ, ರಾಜಕೀಯ ಇಷ್ಟರಲ್ಲೇ ಮುಗಿಯುತ್ತಿತ್ತು. 2025ರ ಜೂನ್, ಜುಲೈನಲ್ಲಿ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂತು ನೋಡಿ, ಎಲ್ಲರೂ ಎದೆ ಮುಟ್ಟಿ ನೋಡಿಕೊಳ್ಳುವಂತಾಯಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜಾತ್ರೆ. ಅಸಹಜವಾಗಿ ಏನೂ ಏರಿಲ್ಲ ಎಂದು ಸರ್ಕಾರದ ಸಮಿತಿ ಆಮೇಲೆ ವರದಿ ಕೊಟ್ಟಿತು. ಅಷ್ಟರಲ್ಲಿ ನಮ್ಮ ಮಂಜಣ್ಣ ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಎನ್ನಿಸಿಕೊಂಡು, ಅದನ್ನು ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆ ಶುರು ಮಾಡಿಯೂ ಆಗಿತ್ತು.

ಅಂದಿನಿಂದ ಅವನಿಗೆ ಧೈರ್ಯವೋ ಧೈರ್ಯ.

“ಎರಡು ಬೆಣ್ಣೆ ದೋಸೆ ಹೇಳಪ್ಪ” ಎಂದ ಮೊನ್ನೆ.

“ಎರಡಾ?”

“ರಾತ್ರಿ ಮಾತ್ರೆ ಇದೆಯಲ್ಲ!”

ಅವನ ಪ್ರಕಾರ ದೋಸೆಯದು ಹಗಲು ಪಾಳಿ, ಮಾತ್ರೆಯದು ರಾತ್ರಿ ಪಾಳಿ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಗುಡಿಸಿಕೊಂಡು ಹೋಗುತ್ತಾರೆ.

ಎದುರಿಗೆ ಶಿವಣ್ಣ. ಸಕಲೇಶಪುರದ ಕಡೆ ತೋಟ ಇದೆ, ಎದೆಯಲ್ಲಿ ಸ್ಟೆಂಟ್ ಇದೆ. ಮೂರು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. “ನಾನು ಆ ಮಾತ್ರೆ ಬಿಟ್ಟೇ ಬಿಟ್ಟೆ ಕಣಯ್ಯ. ವಾಟ್ಸಾಪಿನಲ್ಲಿ ಬಂದಿತ್ತು. ಎಲ್ಲಾ ಕಂಪನಿಯವರ ನಾಟಕವಂತೆ.”

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಗಣಿತದ ಮೇಷ್ಟ್ರು. ಅವರು ಲೋಟ ಕೆಳಗಿಟ್ಟರೆ ಪಾಠ ಶುರು ಎಂದೇ ಅರ್ಥ.

“ನೀವಿಬ್ಬರೂ ಅದಲು ಬದಲಾಗಿದ್ದೀರಿ. ನುಂಗಬೇಕಾದವನು ಬಿಟ್ಟಿದ್ದಾನೆ. ಇವನು ನೋಡಿದರೆ ಅದನ್ನೇ ದೇವರು ಅಂತ ನಂಬಿದ್ದಾನೆ.”

“ಅದು ಹೇಗೆ?”

“ಶಿವಣ್ಣ, ನಿನ್ನಂಥವರ ಮೇಲೆ, ಅಂದರೆ ಆಗಲೇ ಹೃದಯದ ಕಾಯಿಲೆ ಇದ್ದ 4,444 ಜನರ ಮೇಲೆ ಸ್ವೀಡನ್, ನಾರ್ವೆ ಕಡೆ ಒಂದು ಪರೀಕ್ಷೆ ಮಾಡಿದರು. 1994ರಲ್ಲಿ ಫಲಿತಾಂಶ ಬಂತು. ಅರ್ಧ ಜನಕ್ಕೆ ಇದೇ ಜಾತಿಯ ಸಿಮ್ವಾಸ್ಟಾಟಿನ್, ಅರ್ಧ ಜನಕ್ಕೆ ಸುಮ್ನೆ ಹಿಟ್ಟಿನ ಮಾತ್ರೆ. ಐದೂವರೆ ವರ್ಷ ಹತ್ತಿರ ನೋಡಿದರು. ಹಿಟ್ಟಿನ ಮಾತ್ರೆಯವರಲ್ಲಿ ನೂರಕ್ಕೆ 12 ಜನ ಸತ್ತರು. ಔಷಧಿಯವರಲ್ಲಿ 8.”

“ದುಡ್ಡು ಹಾಕಿದ್ದು ಕಂಪನಿ ತಾನೇ?”

“ಹೌದು, ಕಂಪನಿಯದೇ. ಆದರೆ ಸಾವು ಅನ್ನೋದು ಮೈಕೈ ನೋವಿನ ಥರ ಅಲ್ಲ. ‘ಸ್ವಲ್ಪ ಸತ್ತ ಹಾಗಿದೆ’ ಅಂತ ಬರೆಯೋಕೆ ಬರಲ್ಲ.”

ಮಂಜಣ್ಣ ಮೀಸೆ ತಿರುವಿದ. “ನೋಡಿದ್ರಾ? ನಾನು ಸರಿ.”

“ತಾಳಪ್ಪ. ನಿನಗೆ ಇನ್ನೂ ಏನೂ ಆಗಿಲ್ಲ. ನಿನ್ನಂಥವರ ಲೆಕ್ಕ ಬೇರೆ. 1995ರಲ್ಲಿ ಸ್ಕಾಟ್ಲೆಂಡಿನದು ಬಂತು. ಕೊಲೆಸ್ಟ್ರಾಲ್ ಜಾಸ್ತಿ ಇದ್ದು ಹಾರ್ಟ್ ಅಟ್ಯಾಕ್ ಆಗದ ಗಂಡಸರು. ಐದು ವರ್ಷದಲ್ಲಿ ಹಿಟ್ಟಿನ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು 8 ಜನಕ್ಕೆ ಹೃದಯಾಘಾತ, ಇಲ್ಲ ಹೃದಯದಿಂದ ಸಾವು. ಔಷಧಿಯವರಲ್ಲಿ ಐದೂವರೆ. ಇದನ್ನೇ ‘ಶೇಕಡಾ 31 ಇಳಿಕೆ’ ಅಂತ ಬರೆದರೆ ಕೇಳೋಕೆ ಎಷ್ಟು ಜೋರಾಗಿದೆ, ಅಲ್ವಾ?”

ಮಂಜಣ್ಣ ಬೆರಳು ಮಡಚಿದ. “ಅಂದರೆ ನೂರು ಜನ ಐದು ವರ್ಷ ನುಂಗಿದರೆ ಲಾಭ ಎರಡು ಮೂರು ಜನಕ್ಕೆ. ಉಳಿದವರು?”

“ಉಳಿದವರು ಸುಮ್ನೆ ನುಂಗಿದರು. ಆ ಎರಡು ಮೂರು ಜನ ಯಾರು ಅಂತ ಡಾಕ್ಟರಿಗೂ ಗೊತ್ತಾಗಲ್ಲ.”

“ಇದೇನು ಮೇಷ್ಟ್ರೇ, ಲಾಟರಿ ಹೊಡೆದಂಗಾಯ್ತಲ್ಲ!”

ಈಗ ಶಿವಣ್ಣ ಮೀಸೆ ತಿರುವಿದ. ಮೇಷ್ಟ್ರು ಅವನ ಕಡೆ ತಿರುಗಿದರು. “ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಮೈಲುತುತ್ತ ಸುಣ್ಣ ಹೊಡೆಸುತ್ತೀಯಲ್ಲ, ಬೋರ್ಡೋ. ಹೊಡೆಸಿದ ಮೇಲೂ ಕೊಳೆರೋಗ ಬರುತ್ತಾ?”

“ಒಂದಿಷ್ಟು ಬಂದೇ ಬರುತ್ತೆ.”

“ಹೊಡೆಸದಿದ್ದರೆ ಎಲ್ಲಾ ಗಿಡವೂ ಕೊಳೆಯುತ್ತಾ?”

“ಎಲ್ಲಾ ಎಲ್ಲಿ ಕೊಳೆಯುತ್ತೆ?”

“ಮತ್ಯಾಕೆ ಹೊಡೆಸ್ತೀಯ, ಬಿಟ್ಟುಬಿಡು.”

“ಹೋದ ವರ್ಷ ಕೊಳೆ ಬಂದ ಜಾಗಕ್ಕೆ ಹೊಡೆಸದೇ ಬಿಡೋಕೆ ನನಗೇನು ತಲೆ ಕೆಟ್ಟಿದೆಯಾ?” ಎಂದವನು ಅಲ್ಲಿಗೇ ನಿಲ್ಲಿಸಿ, ಅಂಗಿಯ ಎಡಗಡೆ ಜೇಬನ್ನು ಒಮ್ಮೆ ನೋಡಿಕೊಂಡ. ಕಾಫಿ ಬೆಳೆಗಾರನನ್ನು ಬೋರ್ಡೋದಲ್ಲಿ ಹಿಡಿದ ಮೇಲೆ ಬಿಡಿಸಿಕೊಳ್ಳುವುದು ಕಷ್ಟ.

“ಹೋಗಲಿ, ನಂಬರ್ ಇಳಿದರೆ ಸಾಕಲ್ವಾ?” ಎಂದ ಮಂಜಣ್ಣ.

“ಅದೂ ಸಾಲದು. ಟಾರ್ಸೆಟ್ರಾಪಿಬ್ ಅಂತ ಒಂದು ಔಷಧಿ ಬಂದಿತ್ತು. ಕೆಟ್ಟ ಕೊಲೆಸ್ಟ್ರಾಲ್ ಇಳಿಸಿತು, ಒಳ್ಳೆಯದನ್ನು ಏರಿಸಿತು. ರಿಪೋರ್ಟು ನೋಡಿದರೆ ಮುತ್ತಿನ ಹಾರ. ಆದರೆ ನುಂಗಿದವರಲ್ಲೇ ಸಾವು ಜಾಸ್ತಿಯಾಗಿ 2006ರಲ್ಲಿ ಪರೀಕ್ಷೆಯನ್ನೇ ನಿಲ್ಲಿಸಿದರು.”

ಮೆಡಿಕಲ್ ಸ್ಟೋರಿನ ರಾಜಣ್ಣ ಇಷ್ಟು ಹೊತ್ತು ಚಟ್ನಿಯ ಜೊತೆ ಇದ್ದವನು ಬಾಯಿ ತೆಗೆದ. “ನಿಮ್ಮ ಮಾತ್ರೆಯ ಜಾತಿ, ಈ ಸ್ಟಾಟಿನ್, ಹಾಗಲ್ಲ. ಅದು ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿ ತಗ್ಗಿಸುತ್ತೆ. ಆಗ ಲಿವರ್ ರಕ್ತದಲ್ಲಿರೋದನ್ನ ಎಳೆದುಕೊಳ್ಳುತ್ತೆ. ಮೊದಲು ಸಿಕ್ಕಿದ್ದು ಎಲ್ಲಿ ಗೊತ್ತಾ? ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೋ ಸುಮಾರು 6,000 ಬಗೆಯ ಬೂಷ್ಟು ಜಾಲಾಡಿ, ಕೊನೆಗೆ 1973ರಲ್ಲಿ ಅಕ್ಕಿಯ ಬೂಷ್ಟಿನಿಂದ ತೆಗೆದ.”

“ಹಂಗಾದ್ರೆ ನಮ್ಮನೆ ಉಪ್ಪಿನಕಾಯಿ ಜಾಡಿಯಲ್ಲಿ ಫ್ರೀ ಇದೆಯಲ್ಲೋ!”

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಮಂಜಣ್ಣ ಹಾಗೆ ಮಾಡಿಬಿಡುವ ಮನುಷ್ಯನೇ.

ಶಿವಣ್ಣನ ಬಳಿ ಕೊನೆಯ ಅಸ್ತ್ರ ಒಂದಿತ್ತು. “ತೊಡೆ ನೋವು ಬರುತ್ತೆ ಮಾರಾಯ, ಆ ಮಾತ್ರೆಗೆ.”

“ಬಿಟ್ಟು ಎಷ್ಟು ದಿನ ಆಯ್ತು?”

“ಎರಡು ತಿಂಗಳು.”

“ಈಗ ನೋವು?”

“ನಿನ್ನೆಯಂತೂ ಕೂರೋಕಾಗಲಿಲ್ಲ.”

ಹೋಟೆಲಿನ ಸಪ್ಲೈಯರೂ ನಕ್ಕ. ಮೇಷ್ಟ್ರು ಮಾತ್ರ ಗಂಭೀರ. ಇಂಗ್ಲೆಂಡಿನಲ್ಲಿ ಹೀಗೇ ಮಾತ್ರೆ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಅಸಲಿ ಮಾತ್ರೆ, ಕೆಲವು ತಿಂಗಳು ಹಿಟ್ಟಿನದು, ಕೆಲವು ತಿಂಗಳು ಖಾಲಿ ಡಬ್ಬಿ ಕೊಟ್ಟು ನೋಡಿದ್ದರಂತೆ. 2020ರಲ್ಲಿ ಪ್ರಕಟವಾಯಿತು. ಅಸಲಿಯಲ್ಲಿ ಬಂದ ತೊಂದರೆಯಲ್ಲಿ ಶೇಕಡಾ 90ರಷ್ಟು ಹಿಟ್ಟಿನದರಲ್ಲೂ ಬಂದಿತ್ತು.

“ಎಲ್ಲಾ ಮನಸ್ಸಿನದೇ ಅಂತಲ್ಲ” ಎಂದ ರಾಜಣ್ಣ. “ಕೆಲವರಿಗೆ ಸ್ನಾಯು ನಿಜಕ್ಕೂ ಕೆಡುತ್ತೆ. ಶುಗರ್ ಒಂಚೂರು ಏರುವುದೂ ಉಂಟು. ಅದಕ್ಕೇ ಬಿಡುವ ಮುಂಚೆ ಡಾಕ್ಟರನ್ನು ಕೇಳು ಅನ್ನೋದು. ನೀನು ಯಾರನ್ನು ಕೇಳಿದೆ?”

“ಭಾಮೈದನ್ನ. ಅವನೇ ವಾಟ್ಸಾಪ್ ಕಳಿಸಿದ್ದು.”

ಅಷ್ಟರಲ್ಲಿ ಮಂಜಣ್ಣನ ಎರಡನೇ ದೋಸೆ ಬಂತು. ಬೆಣ್ಣೆ ಇನ್ನೂ ಕರಗಿರಲಿಲ್ಲ. ಅವನು ಅದನ್ನೇ ನೋಡಿದ. ಮನಸ್ಸಿನಲ್ಲಿ ಎಂಟು, ಐದೂವರೆ ಓಡುತ್ತಿರಬೇಕು. ಮೆಲ್ಲಗೆ ತಟ್ಟೆಯನ್ನು ಶಿವಣ್ಣನ ಕಡೆ ತಳ್ಳಿದ. ಶಿವಣ್ಣ ಸ್ಟೆಂಟಿನ ಮೇಲೆ ಕೈಯಿಟ್ಟು ಮೇಷ್ಟ್ರ ಕಡೆ ತಳ್ಳಿದ. ಮೇಷ್ಟ್ರಿಗೆ ಶುಗರ್. ರಾಜಣ್ಣನಿಗೆ ಅಂಗಡಿ ತೆಗೆಯುವ ಹೊತ್ತು.

ನನ್ನ ಕೊಲೆಸ್ಟ್ರಾಲ್ ಎಷ್ಟಿದೆಯೆಂದು ನಾನಿನ್ನೂ ನೋಡಿಸಿಲ್ಲ. ಹಾಗಾಗಿ ತಟ್ಟೆ ನನ್ನ ಮುಂದೆ ನಿಂತಿತು.