ಬಡಾವಣೆಯ ಮರುನಿರ್ಮಾಣದಲ್ಲಿ ಹೊಸ ಕಿರಿಯ ಪ್ರಾಥಮಿಕ ಶಾಲೆ: ಕಟ್ಟಡ ಹೇಗಿರಬೇಕು?

ಬಡಾವಣೆ ನಿವಾಸಿ, ಚಿಕ್ಕಮಗಳೂರು
ಮಾನ್ಯರೇ, ನಾವಿರುವ ಹಳೆಯ ವಸತಿಗೃಹಗಳನ್ನು ಹಂತ ಹಂತವಾಗಿ ಕೆಡವಿ ಹೊಸದಾಗಿ ಕಟ್ಟುವ ಯೋಜನೆ ಸಿದ್ಧವಾಗುತ್ತಿದ್ದು, ಒಂದರಿಂದ ಐದನೇ ತರಗತಿವರೆಗಿನ ಶಾಲೆಯೂ ಅದರಲ್ಲಿ ಸೇರಿದೆ. ಕರಡು ನಕ್ಷೆಯಲ್ಲಿ ಶಾಲೆಯನ್ನು ಮುಖ್ಯರಸ್ತೆಗೆ ತಾಗಿದ ಮೂಲೆಯಲ್ಲಿ, ತಗಡಿನ ಚಾವಣಿಯ ಉದ್ದನೆಯ ಕಟ್ಟಡವಾಗಿ ತೋರಿಸಿದ್ದಾರೆ. ಆಕ್ಷೇಪಣೆ ಸಲ್ಲಿಸಲು ಇನ್ನೂ ಅವಕಾಶವಿದೆ. ಯಾವ ಅಂಶಗಳನ್ನು ಎತ್ತಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಮುಖ್ಯಶಿಕ್ಷಕಿ, ಹಾಸನ
ಮೊದಲು ಕೊಠಡಿಯ ಆಕಾರವನ್ನು ನೋಡಿ ಸರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಪದ್ಧತಿಯಲ್ಲಿ ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ, ನೆಲದ ಮೇಲೆ ದುಂಡಗೆ ಕುಳಿತು ಕಲಿಯುತ್ತಾರೆ. ಶಿಕ್ಷಕಿ ಒಂದು ಗುಂಪಿನಿಂದೆದ್ದು ಇನ್ನೊಂದರ ನಡುವೆ ಹೋಗಿ ಕೂರುತ್ತಾರೆ. ಇದಕ್ಕೆ ಹೆಚ್ಚುಕಡಿಮೆ ಚೌಕಾಕಾರದ ಕೊಠಡಿಯೇ ಬೇಕು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಂತೆ ಸುತ್ತಲೂ ಕಪ್ಪುಹಲಗೆ, ಅವರ ಚಿತ್ರಗಳನ್ನು ತೂಗುಹಾಕುವ ಚಪ್ಪರಕ್ಕೆ ತಂತಿ ಎಳೆಯಲು ಮೇಲೆ ಕೊಕ್ಕೆಗಳು, ಇವೆಲ್ಲ ನಕ್ಷೆಯಲ್ಲೇ ಇರಲಿ. ಇಲ್ಲದಿದ್ದರೆ ಆಮೇಲೆ ಮೊಳೆ ಹೊಡೆದು ಹೊಸ ಗೋಡೆಯ ಗಿಲಾವು ಉದುರಿಸಬೇಕಾಗುತ್ತದೆ. ಕಿಟಕಿಗಳು ತಗ್ಗಿನಲ್ಲಿರಲಿ. ನೆಲದ ಮೇಲೆ ಕೂತ ಮಗುವಿಗೂ ಹೊರಗಿನ ಮರ ಕಾಣಬೇಕು.

ಸಿವಿಲ್ ಎಂಜಿನಿಯರ್, ಚಿಕ್ಕಮಗಳೂರು
ಮೇಡಂ ಹೇಳಿದ್ದು ಸರಿ. ತಗಡಿನ ಚಾವಣಿಯನ್ನಂತೂ ಒಪ್ಪಲೇಬೇಡಿ: ಜೂನ್, ಜುಲೈನಲ್ಲಿ ಮಳೆ ಹಿಡಿದುಕೊಂಡರೆ ತಗಡಿನ ಸದ್ದಿಗೆ ಪಾಠವೇ ನಿಂತುಹೋಗುತ್ತದೆ. ಆರ್‌ಸಿಸಿ ಚಾವಣಿ ಹಾಕಿ, ಅದರ ಮೇಲೆ ಇಳಿಜಾರಾಗಿ ಹೆಂಚು ಹೊದಿಸಿದರೆ ಸದ್ದೂ ತಗ್ಗುತ್ತದೆ, ಸೋರಿಕೆಯ ಭಯವೂ ಕಡಿಮೆ. ಮುಂಗಾರಿನ ಗಾಳಿ ನೈಋತ್ಯ ಮತ್ತು ಪಶ್ಚಿಮದಿಂದ ಬೀಸುವುದರಿಂದ ಆ ದಿಕ್ಕಿನಲ್ಲಿ ಇರಚಲು ಹೆಚ್ಚು. ಅಲ್ಲಿ ಉಗ್ರಾಣ, ಅಡುಗೆ ಕೋಣೆಗಳಿದ್ದು, ತರಗತಿಗಳು ಪೂರ್ವ ಮತ್ತು ಉತ್ತರಕ್ಕೆ ತೆರೆದುಕೊಳ್ಳಲಿ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕೇ ಇರುತ್ತಾನೆ. ಉತ್ತರದ ಕಿಟಕಿಗೂ ಸಜ್ಜಾ ಬೇಕು.

ಅಗಲವಾದ ಜಗಲಿಯನ್ನು ಖರ್ಚಿನ ನೆಪದಲ್ಲಿ ಕೈಬಿಡಲು ಬಿಡಬೇಡಿ. ಮಳೆಗಾಲದಲ್ಲಿ ಬಿಸಿಯೂಟದ ಪಂಕ್ತಿಯೂ ಆಟವೂ ನಡೆಯುವುದು ಅಲ್ಲಿಯೇ. ಶಿಕ್ಷಣ ಹಕ್ಕು ಕಾಯ್ದೆ, 2009 ಪ್ರತಿ ಶಿಕ್ಷಕರಿಗೂ ಕನಿಷ್ಠ ಒಂದು ತರಗತಿ ಕೊಠಡಿ, ಗಂಡು ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ ಇವೆಲ್ಲವನ್ನೂ ಕಡ್ಡಾಯ ಮಾಡಿದೆ. ಅಂಗವಿಕಲ ಮಕ್ಕಳಿಗೆ ಇಳಿಜಾರು ದಾರಿಯನ್ನು ಒಂದಡಿ ಏರಿಕೆಗೆ ಹನ್ನೆರಡು ಅಡಿ ಉದ್ದದಂತೆ ಕೇಳಿ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯ ಮಗು ಒಬ್ಬರೇ ಹತ್ತುವುದು ಕಷ್ಟ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾಜಿ ಸದಸ್ಯ, ಸಕಲೇಶಪುರ
ಕಟ್ಟಡದಷ್ಟೇ ಮುಖ್ಯವಾದದ್ದು ಕಟ್ಟುವ ಕ್ರಮ. ಮನೆಗಳನ್ನು ಮೊದಲು ಕೆಡವಿದರೆ ಕುಟುಂಬಗಳು ಬಾಡಿಗೆ ಮನೆ ಹುಡುಕಿಕೊಂಡು ಚದುರುತ್ತವೆ, ಮಕ್ಕಳು ಬೇರೆ ಶಾಲೆಗೆ ಸೇರುತ್ತಾರೆ, ಕೊನೆಗೆ ಇಲ್ಲಿ ಶಾಲೆಯ ಬಾಗಿಲು ತೆರೆದಾಗ ದಾಖಲಾತಿಯೇ ಇರುವುದಿಲ್ಲ. ದಾಖಲಾತಿ ಇಲ್ಲದಿದ್ದರೆ ಶಿಕ್ಷಕರ ಹುದ್ದೆಯೂ ಸಿಗುವುದಿಲ್ಲ. ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು. ಆದ್ದರಿಂದ ಶಾಲೆ ಮೊದಲ ಹಂತದಲ್ಲೇ ಮುಗಿಯಬೇಕೆಂದು ಆಕ್ಷೇಪಣೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸ್ಥಳ ಬಡಾವಣೆಯ ನಡುವೆ ಇರಲಿ, ಗೇಟು ಒಳರಸ್ತೆಗಿರಲಿ. ನಿವೇಶನ ಯಾರ ಹೆಸರಿನಲ್ಲಿದೆ ಎಂಬುದನ್ನೂ ವಿಚಾರಿಸಿ. ಅದು ಶಿಕ್ಷಣ ಇಲಾಖೆಯ ಹೆಸರಿಗಾಗದೆ ಉಳಿದರೆ ಮುಂದೆ ಒಂದು ಕೊಠಡಿ ಸೇರಿಸುವುದಕ್ಕೂ ತೊಡಕಾಗುತ್ತದೆ.

ಬಡಾವಣೆ ನಿವಾಸಿ, ಚಿಕ್ಕಮಗಳೂರು
ಎಲ್ಲರಿಗೂ ಧನ್ಯವಾದಗಳು. ನಿವೇಶನದ ವಿಚಾರ ನಮಗೆ ಹೊಳೆದಿರಲಿಲ್ಲ. ಮೊದಲ ಹಂತದಲ್ಲೇ ಶಾಲೆ ಎಂಬ ಬೇಡಿಕೆಯನ್ನು ಆಕ್ಷೇಪಣೆಯ ಮೊದಲ ಅಂಶವಾಗಿ ಸೇರಿಸಿ, ಎಲ್ಲ ಮನೆಗಳವರ ಸಹಿ ಹಾಕಿಸಿ ಸಲ್ಲಿಸುತ್ತೇವೆ.